ಒಂದೇ ದಿನ, ಹಲವು ಚರಿತ್ರೆ: ಜನವರಿ ೨೬ರ ವಿಚಾರ

ಚರಿತ್ರೆಯನ್ನು ಆಸಕ್ತಿಯಿಂದ ಓದುವವರಿಗೆ ದಿನಾಂಕಗಳ ಮೇಲೆ ಒಂದು ಬಗೆಯ ಮೋಹ ಹುಟ್ಟುವುದು ಸಹಜ. ಬೇರೆ ಬೇರೆ ಶತಮಾನಗಳಲ್ಲಿ, ಬೇರೆ ಬೇರೆ ನಾಡುಗಳಲ್ಲಿ ನಡೆದ ಎರಡು ಘಟನೆಗಳು ಒಂದೇ ತಿಂಗಳ ಒಂದೇ ತಾರೀಖಿಗೆ ಬಂದಿರುವುದನ್ನು ಕಂಡೊಡನೆ, ಅವುಗಳ ನಡುವೆ ಯಾವುದೋ ಗೂಢವಾದ ನಂಟಿರಬೇಕೆಂದು ಮನಸ್ಸು ಬಗೆಯುತ್ತದೆ. ಈ ಬಗೆಯ ಹೊಂದಾಣಿಕೆಗಳನ್ನು ಪಟ್ಟಿಮಾಡಿ ಹೇಳುವ ಬರಹಗಳಿಗೂ ಭಾಷಣಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಪಟ್ಟಿಯನ್ನು ಓದಿ ಬೆರಗಾಗುವುದು ಬೇರೆ, ಅದರ ಅರ್ಥವನ್ನು ತಿಳಿಯುವುದು ಬೇರೆ. ಚರಿತ್ರೆಯ ವಿದ್ಯಾರ್ಥಿಯಾದವನು ಇಂಥ ಪ್ರತಿಯೊಂದು ಹೊಂದಾಣಿಕೆಯ ಮುಂದೆ ನಿಂತು, ಇದು ಹೇಗೆ ಒದಗಿತು ಎಂದು ಕೇಳಬೇಕಾಗುತ್ತದೆ.

ಹಾಗೆ ಕೇಳಿದಾಗ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಮೊದಲನೆಯದು, ಮನುಷ್ಯರು ಹಿಂದಿನ ಒಂದು ದಿನವನ್ನು ನೆನೆದು, ತಿಳಿದು ತಿಳಿದೇ ಆರಿಸಿಕೊಂಡ ಹೊಂದಾಣಿಕೆ. ಎರಡನೆಯದು, ಯಾರ ಸಂಕಲ್ಪವೂ ಇಲ್ಲದೆ ತಾನಾಗಿ ಒದಗಿಬಂದ ಆಕಸ್ಮಿಕ. ಮೂರನೆಯದು ಹೊಂದಾಣಿಕೆಯೇ ಅಲ್ಲ. ಕಾಲಗಣನೆಯ ವ್ಯತ್ಯಾಸದಿಂದಲೋ ಬರೆದವರ ಅಜಾಗರೂಕತೆಯಿಂದಲೋ ಹುಟ್ಟಿದ ಭ್ರಮೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಚರಿತ್ರೆಯು ಭವಿಷ್ಯವಾಣಿಯಾಗಿಬಿಡುವ ಅಪಾಯವುಂಟು. ಎಲ್ಲ ವಾಚಕರಿಗೂ ಪರಿಚಿತವಾದ ಜನವರಿ ೨೬ನೆಯ ದಿನವೊಂದನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಚಾರವನ್ನು ಇಲ್ಲಿ ಪರಿಶೀಲಿಸಬಹುದು.

ಲಾಹೋರಿನ ಸಂಕಲ್ಪ

೧೯೨೮ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಸೇರಿದ ಕಾಂಗ್ರೆಸ್ ಮಹಾಧಿವೇಶನವು ಬ್ರಿಟಿಷ್ ಸರಕಾರಕ್ಕೆ ಒಂದು ವರ್ಷದ ಗಡುವನ್ನು ಕೊಟ್ಟಿತು. ಮೋತಿಲಾಲ ನೆಹರೂ ಅವರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ವರದಿಯಂತೆ, ಸಾಮ್ರಾಜ್ಯದೊಳಗಿನ ಡೊಮಿನಿಯನ್ ಸ್ಥಾನವನ್ನು ೧೯೨೯ರ ಅಂತ್ಯದೊಳಗೆ ನೀಡದಿದ್ದರೆ ಪೂರ್ಣ ಸ್ವಾತಂತ್ರ್ಯವನ್ನೇ ಗುರಿಯಾಗಿ ಘೋಷಿಸುವುದಾಗಿ ಅದು ಸಾರಿತು. ಆ ಗಡುವು ವ್ಯರ್ಥವಾಗಿ ಕಳೆಯಿತು. ೧೯೨೯ರ ಡಿಸೆಂಬರಿನ ಕೊನೆಯಲ್ಲಿ ಲಾಹೋರಿನಲ್ಲಿ, ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಅಧಿವೇಶನವು ಪೂರ್ಣ ಸ್ವರಾಜ್ಯದ ನಿರ್ಣಯವನ್ನು ಅಂಗೀಕರಿಸಿತು. ಡಿಸೆಂಬರ್ ೩೧ರ ನಡುರಾತ್ರಿಯಲ್ಲಿ, ಕೊರೆಯುವ ಚಳಿಯ ನಡುವೆ, ರಾವೀ ನದಿಯ ತೀರದಲ್ಲಿ ತ್ರಿವರ್ಣ ಧ್ವಜವು ಏರಿತು.

ನಿರ್ಣಯವು ಅಧಿವೇಶನದ ಮಂಟಪದಲ್ಲಿಯೇ ಉಳಿದುಬಿಡಬಾರದು, ಹಳ್ಳಿಹಳ್ಳಿಯ ಜನರ ನಾಲಗೆಯ ಮೇಲೆ ಅದು ಪ್ರತಿಜ್ಞೆಯಾಗಬೇಕು ಎಂಬುದು ಕಾಂಗ್ರೆಸ್ಸಿನ ಆಶಯವಾಗಿತ್ತು. ಇದಕ್ಕಾಗಿ ೧೯೩೦ರ ಜನವರಿ ೨ರಂದು ಸೇರಿದ ಕಾರ್ಯಕಾರಿ ಸಮಿತಿಯು ಜನವರಿ ೨೬ನ್ನು ಗೊತ್ತುಮಾಡಿತು. ಆ ದಿನ ಭಾನುವಾರ, ಆ ತಿಂಗಳ ಕೊನೆಯ ಭಾನುವಾರ. ಯಾವ ವೀರನ ಜಯಂತಿಯೆಂದಾಗಲಿ, ಯಾವ ಯುದ್ಧದ ಸ್ಮರಣೆಯೆಂದಾಗಲಿ ಆ ದಿನವನ್ನು ಆರಿಸಲಿಲ್ಲ. ಸಿದ್ಧತೆಗೆ ಮೂರು ವಾರಗಳ ಅವಕಾಶ ದೊರೆಯುತ್ತಿತ್ತು. ದುಡಿಯುವ ಜನರಿಗೂ ವಿದ್ಯಾರ್ಥಿಗಳಿಗೂ ಅದು ಬಿಡುವಿನ ದಿನವಾಗಿತ್ತು. ಇಂದು ನಾವು ಗೌರವದಿಂದ ಕಾಣುವ ದಿನವೊಂದು ಚರಿತ್ರೆಯೊಳಕ್ಕೆ ಬಂದದ್ದು ಇಷ್ಟು ಸರಳವಾದ ದಾರಿಯಲ್ಲಿ.

ಆ ದಿನವನ್ನು ಹೇಗೆ ಕಳೆಯಬೇಕೆಂಬುದರ ಬಗೆಗೆ ಗಾಂಧೀಜಿಯವರು ಕೊಟ್ಟ ಸೂಚನೆಗಳು ಗಮನಾರ್ಹವಾಗಿವೆ. ಅವರಿಗೆ ಭಾಷಣಗಳ ಅಬ್ಬರ ಬೇಕಿರಲಿಲ್ಲ. ಸಭೆಯಲ್ಲಿ ಪ್ರತಿಜ್ಞೆಯನ್ನು ಓದಬೇಕು, ಜನರು ಕೈಯೆತ್ತಿ ಸಮ್ಮತಿಸಬೇಕು. ಉಳಿದ ಹೊತ್ತನ್ನು ನೂಲುವುದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಸೇವೆಯಲ್ಲಿ, ಹಿಂದೂ ಮುಸಲ್ಮಾನರ ಸೌಹಾರ್ದದ ಕೆಲಸದಲ್ಲಿ, ಪಾನನಿಷೇಧದ ಪ್ರಚಾರದಲ್ಲಿ ಕಳೆಯಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಹಬ್ಬವನ್ನು ಕಾಯಕದಿಂದ ಆಚರಿಸುವ ಈ ಕ್ರಮ ನಮ್ಮ ಶರಣ ಪರಂಪರೆಯನ್ನು ಬಲ್ಲವರಿಗೆ ಅಪರಿಚಿತವೆನಿಸಲಾರದು.

ಅದೇ ವರ್ಷದ ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರು ಏಪ್ರಿಲ್ ೬ರಂದು ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಈ ಏಪ್ರಿಲ್ ೬ ಕೂಡ ತಿಳಿದೇ ಆರಿಸಿದ ದಿನ. ೧೯೧೯ರಲ್ಲಿ ರೌಲತ್ ಕಾಯಿದೆಯ ವಿರುದ್ಧ ದೇಶವ್ಯಾಪಿ ಹರತಾಳ ನಡೆದದ್ದು ಅದೇ ದಿನ. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದ ಏಪ್ರಿಲ್ ೧೩ರವರೆಗಿನ ವಾರವನ್ನು ರಾಷ್ಟ್ರೀಯ ಸಪ್ತಾಹವೆಂದು ಆಚರಿಸುವ ಪದ್ಧತಿ ಆಗಲೇ ಬೇರೂರಿತ್ತು. ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಪ್ರಾರಂಭವಾದದ್ದು ೧೯೩೦ರ ಏಪ್ರಿಲ್ ೧೩ರಂದು, ಅಂದರೆ ಆ ಸಪ್ತಾಹದ ಕೊನೆಯ ದಿನದಂದು. ಹೀಗೆ ಹಳೆಯ ದಿನವೊಂದಕ್ಕೆ ಹೊಸ ಕಾರ್ಯವನ್ನು ಜೋಡಿಸಿ, ಸ್ಮೃತಿಯನ್ನು ಶಕ್ತಿಯನ್ನಾಗಿ ಮಾರ್ಪಡಿಸುವ ವಿದ್ಯೆಯನ್ನು ಆ ತಲೆಮಾರಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಕಳೆದುಹೋಗಬಹುದಾಗಿದ್ದ ದಿನ

೧೯೩೦ರಿಂದ ಮುಂದೆ ಪ್ರತಿವರ್ಷವೂ ಜನವರಿ ೨೬ನ್ನು ಸ್ವಾತಂತ್ರ್ಯ ದಿನವೆಂದೇ ಆಚರಿಸಲಾಗುತ್ತಿತ್ತು. ನಿಷೇಧಾಜ್ಞೆಗಳ ನಡುವೆಯೂ, ಸೆರೆಮನೆಗಳೊಳಗೂ ಅಂದು ಪ್ರತಿಜ್ಞೆ ನಡೆಯುತ್ತಿತ್ತು. ಸ್ವಾತಂತ್ರ್ಯವು ನಿಜವಾಗಿ ಕೈಗೆ ಬರುವ ಹೊತ್ತಿಗೆ ಮಾತ್ರ ದಿನವನ್ನು ಆರಿಸುವ ಅಧಿಕಾರ ಬೇರೊಬ್ಬರ ಕೈಯಲ್ಲಿತ್ತು. ೧೯೪೮ರ ಜೂನ್ ಒಳಗೆ ಅಧಿಕಾರವನ್ನು ಹಸ್ತಾಂತರಿಸುವುದಾಗಿ ಬ್ರಿಟಿಷ್ ಪ್ರಧಾನಿ ಅಟ್ಲಿಯವರು ೧೯೪೭ರ ಫೆಬ್ರವರಿ ೨೦ರಂದು ಘೋಷಿಸಿದ್ದರು. ವೈಸರಾಯ್ ಮೌಂಟ್‌ಬ್ಯಾಟನ್ ಅವರು ಅದನ್ನು ಮುಂಚಿತಗೊಳಿಸಿ ಆಗಸ್ಟ್ ೧೫ನ್ನು ಗೊತ್ತುಮಾಡಿದರು. ೧೯೪೫ರ ಆಗಸ್ಟ್ ೧೫ರಂದು ಜಪಾನಿನ ಚಕ್ರವರ್ತಿಯು ಶರಣಾಗತಿಯನ್ನು ಬಾನುಲಿಯಲ್ಲಿ ಸಾರಿದ್ದನು. ಆಗ್ನೇಯ ಏಷ್ಯದಲ್ಲಿ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದ ಮೌಂಟ್‌ಬ್ಯಾಟನ್ ಅವರಿಗೆ ಅದು ವಿಜಯದ ನೆನಪು. ಆ ಎರಡನೆಯ ವಾರ್ಷಿಕ ದಿನವನ್ನು ತಾವು ಆರಿಸಿದುದಾಗಿ ಅವರೇ ಅನಂತರ ಹೇಳಿಕೊಂಡಿದ್ದಾರೆ.

ಅದೇ ಆಗಸ್ಟ್ ೧೫ ಶ್ರೀ ಅರವಿಂದರ ಜನ್ಮದಿನವೂ ಹೌದು. ಅವರು ಹುಟ್ಟಿದ್ದು ೧೮೭೨ರಲ್ಲಿ. ಸ್ವಾತಂತ್ರ್ಯದ ಸಂದರ್ಭದಲ್ಲಿ ಅವರು ನೀಡಿದ ಸಂದೇಶದಲ್ಲಿ ಈ ಹೊಂದಾಣಿಕೆಯನ್ನು ಪ್ರಸ್ತಾಪಿಸಿ, ಅದನ್ನು ಬರಿಯ ಆಕಸ್ಮಿಕವೆಂದು ತಾವು ಭಾವಿಸದೆ ದೈವಶಕ್ತಿಯ ಸಮ್ಮತಿಯೆಂದು ಗ್ರಹಿಸುವುದಾಗಿ ತಿಳಿಸಿದರು. ಯೋಗಿಯ ಆಂತರಿಕ ಅನುಭವವನ್ನು ನಾವು ಗೌರವಿಸೋಣ. ಆದರೆ ಇತಿಹಾಸಕಾರನ ಕಣ್ಣಿಗೆ ಕಾಣುವುದು ವೈಸರಾಯ್ ಮಹಾಶಯರ ಯುದ್ಧಸ್ಮರಣೆ. ಎರಡೂ ಒಂದೇ ಘಟನೆಯ ಬಗೆಗಿನ ಮಾತುಗಳಾದರೂ, ಒಂದು ಅರ್ಥವನ್ನು ಹೇಳುತ್ತದೆ, ಮತ್ತೊಂದು ಕಾರಣವನ್ನು ಹೇಳುತ್ತದೆ. ಅರ್ಥವನ್ನು ಕಾರಣವೆಂದು ತಿಳಿಯುವಲ್ಲಿಯೇ ಗೊಂದಲ ಪ್ರಾರಂಭವಾಗುತ್ತದೆ.

ಆಗಸ್ಟ್ ೧೫ ಸ್ವಾತಂತ್ರ್ಯ ದಿನವಾದೊಡನೆ ಜನವರಿ ೨೬ಕ್ಕೆ ನೆಲೆಯಿಲ್ಲದಂತಾಯಿತು. ಹದಿನೇಳು ವರ್ಷಗಳ ಕಾಲ ಲಾಠಿಯ ಏಟಿನ ಕೆಳಗೆ ಕಾಪಾಡಿಕೊಂಡು ಬಂದ ದಿನವು ಮರೆವಿಗೆ ಸಲ್ಲಬಹುದಾಗಿತ್ತು. ಅದನ್ನು ಉಳಿಸಿದವರು ಸಂವಿಧಾನ ಸಭೆಯವರು. ೧೯೪೬ರ ಡಿಸೆಂಬರ್ ೯ರಂದು ಮೊದಲ ಬಾರಿಗೆ ಸೇರಿದ ಆ ಸಭೆಯು, ಡಾ. ಬಿ. ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿಯು ರೂಪಿಸಿದ ಸಂವಿಧಾನವನ್ನು ೧೯೪೯ರ ನವೆಂಬರ್ ೨೬ರಂದು ಅಂಗೀಕರಿಸಿತು. ಎರಡು ವರ್ಷ, ಹನ್ನೊಂದು ತಿಂಗಳು, ಹದಿನೆಂಟು ದಿನ ಎಂದು ಹೇಳುವ ಲೆಕ್ಕ ಈ ಎರಡು ದಿನಗಳನ್ನೂ ಸೇರಿಸಿ ಎಣಿಸಿದ್ದು. ಪೌರತ್ವ, ಚುನಾವಣಾ ಆಯೋಗ ಮುಂತಾದವುಗಳಿಗೆ ಸಂಬಂಧಿಸಿದ ಕೆಲವು ವಿಧಿಗಳು ಕೂಡಲೇ ಜಾರಿಗೆ ಬಂದವು. ಉಳಿದವುಗಳೆಲ್ಲ ೧೯೫೦ರ ಜನವರಿ ೨೬ರಿಂದ ಜಾರಿಗೆ ಬರತಕ್ಕದ್ದೆಂದು ೩೯೪ನೆಯ ವಿಧಿಯು ನಿರ್ದೇಶಿಸಿತು. ಎರಡು ತಿಂಗಳು ಕಾದು ಆ ದಿನವನ್ನೇ ಹಿಡಿದುದರ ಹಿಂದೆ ೧೯೩೦ರ ಪ್ರತಿಜ್ಞೆಯ ಋಣಸಂದಾಯವಿತ್ತು.

ಆ ಗುರುವಾರ ಬೆಳಿಗ್ಗೆ ದೆಹಲಿಯಲ್ಲಿ, ಕೊನೆಯ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಭಾರತವು ಗಣರಾಜ್ಯವಾದ ಘೋಷಣೆಯನ್ನು ಓದಿದರು, ಡಾ. ರಾಜೇಂದ್ರಪ್ರಸಾದರು ಪ್ರಥಮ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸಾರನಾಥದ ಅಶೋಕ ಸ್ತಂಭದ ಸಿಂಹಶೀರ್ಷವು ರಾಷ್ಟ್ರಲಾಂಛನವಾಯಿತು. ಅದೇ ದಿನ ಮೈಸೂರು ಸಂಸ್ಥಾನವು ಸಂವಿಧಾನದ ‘ಬಿ’ ಭಾಗದ ರಾಜ್ಯವಾಗಿ, ಶ್ರೀ ಜಯಚಾಮರಾಜೇಂದ್ರ ಒಡೆಯರವರು ಅದರ ರಾಜಪ್ರಮುಖರಾದರು. ಪರರು ಆರಿಸಿದ ದಿನ ಆಗಸ್ಟ್ ೧೫. ಈ ದೇಶದ ಜನರು ತಾವಾಗಿ ಆರಿಸಿಕೊಂಡ ದಿನ ಜನವರಿ ೨೬. ಈ ಭೇದವನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ.

ದಿನವು ಹೆತ್ತ ಗಡುವು

ಆರಿಸಿಕೊಂಡ ದಿನವೊಂದು ಮುಂದೆ ತಾನೇ ಘಟನೆಗಳನ್ನು ಹುಟ್ಟಿಸುವುದೂ ಉಂಟು. ಹಿಂದಿಯು ಕೇಂದ್ರದ ಆಡಳಿತ ಭಾಷೆಯಾಗತಕ್ಕದ್ದೆಂದೂ, ಸಂವಿಧಾನ ಜಾರಿಗೆ ಬಂದಂದಿನಿಂದ ಹದಿನೈದು ವರ್ಷಗಳವರೆಗೆ ಇಂಗ್ಲಿಷಿನ ಬಳಕೆ ಮುಂದುವರಿಯತಕ್ಕದ್ದೆಂದೂ ೩೪೩ನೆಯ ವಿಧಿ ಹೇಳಿತ್ತು. ಈ ಲೆಕ್ಕದಂತೆ ಗಡುವು ಬಂದು ನಿಂತದ್ದು ೧೯೬೫ರ ಜನವರಿ ೨೬ಕ್ಕೆ. ಇಂಗ್ಲಿಷನ್ನು ಮುಂದುವರಿಸಲು ೧೯೬೩ರ ಅಧಿಕೃತ ಭಾಷೆಗಳ ಕಾಯಿದೆ ಅವಕಾಶ ಕೊಟ್ಟಿದ್ದರೂ ಮದರಾಸು ರಾಜ್ಯದ ಜನರ ಆತಂಕ ಶಮನವಾಗಲಿಲ್ಲ. ಅಣ್ಣಾದುರೈ ಅವರ ದ್ರಾವಿಡ ಮುನ್ನೇತ್ರ ಕಳಗವು ಆ ಗಣರಾಜ್ಯ ದಿನವನ್ನು ಶೋಕದಿನವೆಂದು ಆಚರಿಸಲು ಕರೆಕೊಟ್ಟಿತು. ಗಣರಾಜ್ಯೋತ್ಸವದ ದಿನದಂದು ಶೋಕವನ್ನಾಚರಿಸುವುದು ಸಲ್ಲದೆಂಬ ಆಕ್ಷೇಪಗಳ ನಡುವೆ ವಿದ್ಯಾರ್ಥಿಗಳ ಪ್ರತಿಭಟನೆ ಒಂದು ದಿನ ಮುಂಚೆಯೇ, ಜನವರಿ ೨೫ರಂದು ಪ್ರಾರಂಭವಾಯಿತು. ಅನಂತರದ ವಾರಗಳಲ್ಲಿ ಗಲಭೆ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಫೆಬ್ರವರಿಯಲ್ಲಿ ಬಾನುಲಿಯ ಮೂಲಕ ಭರವಸೆಯಿತ್ತ ಮೇಲೆ ಪರಿಸ್ಥಿತಿ ತಹಬಂದಿಗೆ ಬಂದಿತು. ೧೯೬೫ರ ಘಟನೆಗಳು ೧೯೫೦ರ ದಿನಕ್ಕೇ ಬಂದು ತಗುಲಿದುದರಲ್ಲಿ ವಿಧಿಯ ಕೈವಾಡವೇನೂ ಇಲ್ಲ. ಸಂವಿಧಾನದ ವಿಧಿಯ ಕೈವಾಡ ಮಾತ್ರ ಇದೆ.

ನಂದಗಡದ ಜನವರಿ ೨೬

ಈಗ ಎರಡನೆಯ ಬಗೆಯ ಹೊಂದಾಣಿಕೆಗೆ ಬರೋಣ. ಕನ್ನಡಿಗರ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು ಸಂಗೊಳ್ಳಿ ರಾಯಣ್ಣನ ಬಲಿದಾನದ ದಿನ. ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜನು ೧೮೨೪ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡಲಿಲ್ಲ. ಅಕ್ಟೋಬರ್ ೨೩ರ ಕದನದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಬಂದ ಇಂಗ್ಲಿಷರಿಗೆ ಕೋಟೆ ವಶವಾಯಿತು. ರಾಣಿ ಚೆನ್ನಮ್ಮಾಜಿಯವರು ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರಲ್ಲಿ ಲಿಂಗೈಕ್ಯರಾದರು. ಅವರ ನಂಬಿಕೆಯ ಬಂಟನಾದ ರಾಯಣ್ಣನು, ಶಿವಲಿಂಗಪ್ಪನನ್ನು ಗಾದಿಗೆ ತರುವ ಪಣತೊಟ್ಟು, ರೈತರನ್ನೂ ಸಾಮಾನ್ಯರನ್ನೂ ಕೂಡಿಸಿಕೊಂಡು, ಕಾಡಿನ ಮರೆಯಿಂದ ಹೋರಾಡಿದನು. ಸರಕಾರಿ ಕಚೇರಿಗಳನ್ನು ಸುಟ್ಟನು, ಖಜಾನೆಗಳನ್ನು ಲೂಟಿಮಾಡಿದನು. ತನ್ನವರ ದ್ರೋಹದಿಂದಲೇ ೧೮೩೦ರ ಏಪ್ರಿಲಿನಲ್ಲಿ ಸೆರೆಸಿಕ್ಕ ಅವನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ರಾಯಣ್ಣನು ಆಗಸ್ಟ್ ೧೫ರಂದು ಹುಟ್ಟಿದನೆಂದು ನಾಡಿನಲ್ಲಿ ಪ್ರತೀತಿಯಿದೆ. ಹುಟ್ಟಿದ್ದು ಸ್ವಾತಂತ್ರ್ಯದ ದಿನ, ಮಡಿದದ್ದು ಗಣರಾಜ್ಯದ ದಿನ ಎಂದು ವೇದಿಕೆಗಳಲ್ಲಿ ಹೇಳಿದಾಗ ಸಭೆಗೆ ರೋಮಾಂಚನವಾಗುತ್ತದೆ. ಆ ರೋಮಾಂಚನ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದನ್ನೇ ಪ್ರಮಾಣವಾಗಿಸಿ, ವಿಧಿಯೇ ಅವನನ್ನು ಈ ಎರಡು ದಿನಗಳ ನಡುವೆ ಇರಿಸಿತ್ತೆಂದು ವಾದಿಸುವುದು ಸಾಧುವಲ್ಲ. ೧೯೩೦ರಲ್ಲಿ ಕಾರ್ಯಕಾರಿ ಸಮಿತಿಯವರು ಭಾನುವಾರವನ್ನು ಹುಡುಕಿದರು. ಅವರ ಮುಂದೆ ನಂದಗಡದ ನೆನಪು ಇರಲಿಲ್ಲ. ೧೮೩೧ರ ಜನವರಿ ೨೬ ಬುಧವಾರವಾಗಿತ್ತು. ಅಂದು ಗಲ್ಲಿನ ಹಗ್ಗವನ್ನು ಬಿಗಿದವರಿಗೆ ಮುಂದಿನ ಶತಮಾನದ ಕನಸೂ ಇರಲಿಲ್ಲ.

ಗಣಿತದ ಒಂದು ಮಾತನ್ನು ಇಲ್ಲಿ ಹೇಳಬಹುದು. ಇಪ್ಪತ್ತಮೂರು ಮಕ್ಕಳಿರುವ ಒಂದು ತರಗತಿಯಲ್ಲಿ, ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಕೇಳಿದ ಕೂಡಲೇ ನಂಬಲಾಗದಿದ್ದರೂ ಇದು ಲೆಕ್ಕಮಾಡಿ ತೋರಿಸಬಹುದಾದ ಸತ್ಯ. ಇಪ್ಪತ್ತಮೂರು ಮಂದಿಯಲ್ಲಿ ಇಬ್ಬಿಬ್ಬರನ್ನು ಜೋಡಿಸಿದರೆ ಇನ್ನೂರ ಐವತ್ತಮೂರು ಜೋಡಿಗಳಾಗುತ್ತವೆ. ಹಾಗಿರುವಾಗ ಸಾವಿರಾರು ವರ್ಷಗಳ ಲಕ್ಷಾಂತರ ಘಟನೆಗಳನ್ನು ಮುನ್ನೂರ ಅರವತ್ತೈದು ದಿನಗಳ ಗೂಡುಗಳಲ್ಲಿ ಇರಿಸಿದರೆ, ಪ್ರತಿಯೊಂದು ಗೂಡಿನಲ್ಲಿಯೂ ಹಲವು ಘಟನೆಗಳು ಸೇರದೆ ಇರುವುದೇ ಅಸಂಭವ. ಹೊಂದಾಣಿಕೆ ಕಂಡುಬಂದುದರಲ್ಲಿ ಆಶ್ಚರ್ಯವಿಲ್ಲ. ಕಾಣದೆ ಹೋಗಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ರಾಯಣ್ಣನ ದೊಡ್ಡಸ್ತಿಕೆಗೆ ಗಣರಾಜ್ಯ ದಿನದ ಊರುಗೋಲು ಬೇಕಾಗಿಲ್ಲ. ಅವನು ಜನವರಿ ೨೫ರಂದೋ ೨೭ರಂದೋ ಮಡಿದಿದ್ದರೂ ಆ ತ್ಯಾಗ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಆದರೂ ಈ ಆಕಸ್ಮಿಕದಿಂದ ಒಂದು ಪ್ರಯೋಜನವನ್ನು ನಾವು ಪಡೆದುಕೊಳ್ಳಬಹುದು. ದೆಹಲಿಯ ಕಡೆಗೆ ನೋಡುವ ದಿನದಂದು ನಂದಗಡದ ಕಡೆಗೂ ಒಮ್ಮೆ ತಿರುಗಿ ನೋಡಲು ಅದು ಕಾರಣವಾಗುತ್ತದೆ. ಆಕಸ್ಮಿಕವನ್ನು ಸ್ಮರಣೆಗೆ ನೆಪವಾಗಿಸಿಕೊಳ್ಳುವುದು ವಿವೇಕ. ಅದನ್ನೇ ಕಾರಣವಾಗಿಸುವುದು ಅವಿವೇಕ.

ದೂರದ ನಾಡೊಂದರ ಇದೇ ದಿನ

ಆಸ್ಟ್ರೇಲಿಯದವರಿಗೂ ಜನವರಿ ೨೬ ರಾಷ್ಟ್ರೀಯ ದಿನವೆಂಬುದು ಹಲವು ವಾಚಕರಿಗೆ ತಿಳಿದಿರಬಹುದು. ೧೭೮೭ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಹೊರಟ ಹನ್ನೊಂದು ಹಡಗುಗಳು, ಏಳುನೂರಕ್ಕೂ ಹೆಚ್ಚು ಮಂದಿ ಶಿಕ್ಷಿತ ಕೈದಿಗಳನ್ನು ಹೊತ್ತು, ೧೭೮೮ರ ಜನವರಿಯಲ್ಲಿ ಆ ಖಂಡವನ್ನು ಮುಟ್ಟಿದವು. ಮೊದಲು ಇಳಿದ ಬಾಟನಿ ಕೊಲ್ಲಿ ವಾಸಕ್ಕೆ ತಕ್ಕುದಲ್ಲವೆಂದು ಕಂಡು, ಜನವರಿ ೨೬ರಂದು ಸಿಡ್ನಿಯ ಖಾರಿಯಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಬ್ರಿಟಿಷ್ ಧ್ವಜವನ್ನೇರಿಸಿದನು.

ಆ ನೆಲದಲ್ಲಿ ಸಹಸ್ರಾರು ವರ್ಷಗಳಿಂದ ಬಾಳಿಕೊಂಡು ಬಂದಿದ್ದ ಮೂಲನಿವಾಸಿಗಳಿಗೆ ಅದೇ ದಿನವು ತಮ್ಮ ಭೂಮಿ ಕೈತಪ್ಪಿದ ದಿನ. ವಲಸೆ ಬಂದವರ ಸಂತತಿಯವರು ೧೯೩೮ರ ಜನವರಿ ೨೬ರಂದು ನೂರೈವತ್ತನೆಯ ವರ್ಷದ ಉತ್ಸವವನ್ನು ಸಡಗರದಿಂದ ನಡೆಸಿದಾಗ, ಸಿಡ್ನಿಯಲ್ಲಿಯೇ ಮೂಲನಿವಾಸಿಗಳ ನಾಯಕರಾದ ಜಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್, ವಿಲಿಯಂ ಕೂಪರ್ ಮೊದಲಾದವರು ಶೋಕದಿನವನ್ನಾಚರಿಸಿ ಪೂರ್ಣ ಪೌರತ್ವದ ಹಕ್ಕನ್ನು ಕೇಳಿದರು. ೧೯೭೨ರ ಜನವರಿ ೨೬ರಂದು ಭೂಮಿಯ ಹಕ್ಕಿಗಾಗಿ ಕ್ಯಾನ್‌ಬೆರಾದ ಸಂಸತ್ ಭವನದ ಎದುರು ತಮ್ಮದೊಂದು ಗುಡಾರದ ರಾಯಭಾರ ಕಚೇರಿಯನ್ನು ನಿಲ್ಲಿಸಿದರು. ಆ ಖಂಡವು ಒಡೆಯರಿಲ್ಲದ ಭೂಮಿಯಾಗಿತ್ತೆಂಬ ಹಳೆಯ ವಾದವನ್ನು ಅಲ್ಲಿನ ಉಚ್ಚ ನ್ಯಾಯಾಲಯವು ೧೯೯೨ರ ಮಾಬೊ ಮೊಕದ್ದಮೆಯ ತೀರ್ಪಿನಲ್ಲಿ ತಳ್ಳಿಹಾಕಿತು.

ನಮ್ಮ ಜನವರಿ ೨೬ಕ್ಕೂ ಅವರ ಜನವರಿ ೨೬ಕ್ಕೂ ಕಾರಣಸಂಬಂಧವೇನೂ ಇಲ್ಲ. ಆದರೆ ಅಲ್ಲಿ ೧೭೮೮, ೧೯೩೮, ೧೯೭೨ ಈ ಮೂರರ ನಡುವೆ ಇರುವ ಸಂಬಂಧ ಆಕಸ್ಮಿಕವಲ್ಲ. ಒಂದು ಪಕ್ಷದವರು ಉತ್ಸವಕ್ಕಾಗಿ ಹಿಡಿದ ದಿನವನ್ನು ಮತ್ತೊಂದು ಪಕ್ಷದವರು ಪ್ರಶ್ನೆಗಾಗಿ ಹಿಡಿದರು. ದಿನಾಂಕವೊಂದು ಎಲ್ಲರಿಗೂ ಒಂದೇ ಅರ್ಥವನ್ನು ಕೊಡಬೇಕೆಂಬ ನಿಯಮವಿಲ್ಲ. ಅರ್ಥವು ನೆನೆಯುವವರ ಅನುಭವವನ್ನು ಅವಲಂಬಿಸಿರುತ್ತದೆ.

ಉತ್ಸವದ ಬೆಳಗಿನ ಆಘಾತ

೨೦೦೧ರ ಜನವರಿ ೨೬ರ ಬೆಳಿಗ್ಗೆ ದೇಶವೆಲ್ಲ ಗಣರಾಜ್ಯೋತ್ಸವಕ್ಕೆ ಸಿದ್ಧವಾಗುತ್ತಿದ್ದಾಗ, ೮ ಗಂಟೆ ೪೬ ನಿಮಿಷದ ಹೊತ್ತಿಗೆ ಗುಜರಾತಿನ ಕಚ್ಛದಲ್ಲಿ ಭೂಮಿ ನಡುಗಿತು. ಆ ಕಂಪನದ ಪ್ರಮಾಣ ೭.೭. ಭುಜ್, ಅಂಜಾರ್, ಭಚಾವ್ ಮೊದಲಾದ ಊರುಗಳು ನೆಲಸಮವಾದವು. ಮಡಿದವರ ಸಂಖ್ಯೆ ಇಪ್ಪತ್ತು ಸಾವಿರದ ಹತ್ತಿರಕ್ಕೆ ಹೋಯಿತು. ಅಂಜಾರಿನಲ್ಲಿ ಧ್ವಜಗಳನ್ನು ಹಿಡಿದು ಇಕ್ಕಟ್ಟಾದ ಬೀದಿಯಲ್ಲಿ ಮೆರವಣಿಗೆ ಹೋಗುತ್ತಿದ್ದ ಶಾಲಾಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡಗಳು ಕುಸಿದವು. ಮಕ್ಕಳೊಡನೆ ಉಪಾಧ್ಯಾಯರೂ ಮಡಿದರು.

ಈ ಹೊಂದಾಣಿಕೆಯ ಮುಂದೆ ವಿಧಿಯ ಅರ್ಥವನ್ನು ಹುಡುಕುವವರ ವಾದ ಮೂಕವಾಗಬೇಕು. ದಿನಕ್ಕೆ ತನ್ನದೇ ಆದ ಪುಣ್ಯವಿದ್ದಿದ್ದರೆ ಪವಿತ್ರವಾದ ಆ ಬೆಳಿಗ್ಗೆ ಮಕ್ಕಳನ್ನು ಕಾಯಬೇಕಾಗಿತ್ತು. ಭೂಗರ್ಭದಲ್ಲಿ ಒತ್ತಡವು ಕೂಡಿಕೊಳ್ಳುವುದಕ್ಕೂ ಸಡಿಲುವುದಕ್ಕೂ ನಮ್ಮ ಪಂಚಾಂಗದ ಅರಿವಿಲ್ಲ. ಆದರೆ ದಿನದ ಪಾತ್ರ ಅಲ್ಲಿ ಸಂಪೂರ್ಣವಾಗಿ ಶೂನ್ಯವೆಂದೂ ಹೇಳುವಂತಿಲ್ಲ. ಭೂಕಂಪವು ಆ ದಿನಕ್ಕಾಗಿ ಬರಲಿಲ್ಲ. ಮಕ್ಕಳು ಮಾತ್ರ ಆ ದಿನಕ್ಕಾಗಿಯೇ ಬೀದಿಗೆ ಬಂದಿದ್ದರು. ಆಕಸ್ಮಿಕವೂ ಮನುಷ್ಯನ ಆಯ್ಕೆಯೂ ಒಂದೇ ಗಳಿಗೆಯಲ್ಲಿ ಸಂಧಿಸಿದ ದಾರುಣ ಪ್ರಸಂಗವಿದು. ಅಂಜಾರಿನಲ್ಲಿ ಆ ಮಕ್ಕಳ ನೆನಪಿಗಾಗಿ ಒಂದು ಸ್ಮಾರಕವಿದೆ.

ಇಲ್ಲದ ಹೊಂದಾಣಿಕೆ

ಇನ್ನು ಮೂರನೆಯ ಬಗೆ. ವಿಜಯನಗರದ ಪತನಕ್ಕೆ ಕಾರಣವಾದ ರಕ್ಕಸಗಿ ತಂಗಡಗಿಯ ಯುದ್ಧ, ಅಂದರೆ ತಾಳಿಕೋಟೆಯ ಕಾಳಗ, ೧೫೬೫ರ ಜನವರಿ ೨೬ರಂದು ನಡೆಯಿತೆಂದು ಕೆಲವು ದಿನಪಟ್ಟಿಗಳಲ್ಲಿ ಕಾಣುತ್ತದೆ. ಒಂದು ಸಾಮ್ರಾಜ್ಯ ಮುಳುಗಿದ ದಿನದಂದೇ ಒಂದು ಗಣರಾಜ್ಯ ಉದಯಿಸಿತೆಂದು ಬರೆಯುವ ಆಸೆ ಯಾರಿಗಾದರೂ ಆಗದಿರದು. ಆದರೆ ವಿಜಯನಗರದ ಚರಿತ್ರೆಯನ್ನು ಬರೆದ ರಾಬರ್ಟ್ ಸೀವೆಲ್ ಕೊಟ್ಟಿರುವ ದಿನ ೧೫೬೫ರ ಜನವರಿ ೨೩, ಮಂಗಳವಾರ. ಲೆಕ್ಕಮಾಡಿ ನೋಡಿದರೆ ಅಂದಿನ ಜೂಲಿಯನ್ ಗಣನೆಯಂತೆ ಆ ಜನವರಿ ೨೩ ಮಂಗಳವಾರವೇ ಆಗುತ್ತದೆ, ೨೬ ಶುಕ್ರವಾರವಾಗುತ್ತದೆ.

ಇನ್ನೂ ಒಂದು ತೊಡಕುಂಟು. ಇಂದು ನಾವು ಬಳಸುವ ಗ್ರೆಗೊರಿಯನ್ ಪಂಚಾಂಗ ಜಾರಿಗೆ ಬಂದದ್ದು ೧೫೮೨ರಲ್ಲಿ. ಆ ವರ್ಷ ಅಕ್ಟೋಬರ್ ೪ರ ಮರುದಿನವನ್ನು ಅಕ್ಟೋಬರ್ ೧೫ ಎಂದು ಎಣಿಸಿ, ಹತ್ತು ದಿನಗಳನ್ನು ಬಿಟ್ಟುಬಿಡಲಾಯಿತು. ಆ ಲೆಕ್ಕವನ್ನು ಹಿಂದಕ್ಕೆ ಅನ್ವಯಿಸಿದರೆ ೧೫೬೫ರ ಜನವರಿ ೨೩ ಫೆಬ್ರವರಿ ೨ ಆಗುತ್ತದೆ. ಹೇಗೆ ಎಣಿಸಿದರೂ ಅದು ೨೬ಕ್ಕೆ ಬರುವುದಿಲ್ಲ. ಇಂಗ್ಲೆಂಡಿನವರು ಹೊಸ ಗಣನೆಯನ್ನು ಒಪ್ಪಿದ್ದು ೧೭೫೨ರಲ್ಲಿ. ಆದುದರಿಂದ ಅದಕ್ಕೆ ಹಿಂದಿನ ಪಾಶ್ಚಾತ್ಯ ದಿನಾಂಕಗಳನ್ನು ಬಳಸುವಾಗ, ಅದು ಯಾವ ದೇಶದ ಯಾವ ಗಣನೆ ಎಂದು ಕೇಳಿಕೊಳ್ಳದೆ ಮುಂದುವರಿಯುವಂತಿಲ್ಲ. ೧೬೧೬ರ ಏಪ್ರಿಲ್ ೨೩ರಂದು ಷೇಕ್ಸ್‌ಪಿಯರನೂ ಸ್ಪೇನಿನ ಸೆರ್ವಾಂಟಿಸನೂ ಒಂದೇ ದಿನ ತೀರಿಕೊಂಡರೆಂಬ ಪ್ರಸಿದ್ಧವಾದ ಮಾತೂ ಹೀಗೆಯೇ ಸೋರಿಹೋಗುತ್ತದೆ. ಸ್ಪೇನಿನಲ್ಲಿ ಹೊಸ ಗಣನೆ, ಇಂಗ್ಲೆಂಡಿನಲ್ಲಿ ಹಳೆಯದು. ಎರಡು ಏಪ್ರಿಲ್ ೨೩ಗಳ ನಡುವೆ ಹತ್ತು ದಿನಗಳ ಅಂತರವಿತ್ತು.

ನಮ್ಮ ಶಾಸನಗಳನ್ನು ಓದಿದವರಿಗೆ ಈ ಎಚ್ಚರ ಹೊಸದಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಕ್ರಮವಾಗಿ ಹೇಳುವ ಶಾಸನದ ಕಾಲವನ್ನು ಪಾಶ್ಚಾತ್ಯ ದಿನಾಂಕಕ್ಕೆ ತರುವಾಗ ವಿದ್ವಾಂಸರು ವಾರವನ್ನು ಒರೆಗಲ್ಲಾಗಿ ಬಳಸುತ್ತಾರೆ. ತಿಥಿಯೊಡನೆ ವಾರವು ಕೂಡಿಬಂದರೆ ಕಾಲನಿರ್ದೇಶ ಸಾಧು. ಕೂಡದಿದ್ದರೆ ಸಂಶಯ ಉಳಿಯುತ್ತದೆ. ಬಸವ ಜಯಂತಿಯು ವೈಶಾಖ ಶುದ್ಧ ತದಿಗೆಯಂದು, ಅಕ್ಷಯ ತೃತೀಯೆಯ ದಿನ ಬರುವುದರಿಂದ, ಇಂಗ್ಲಿಷ್ ತಾರೀಖಿನ ಪ್ರಕಾರ ಪ್ರತಿವರ್ಷ ಬೇರೆ ಬೇರೆ ದಿನಕ್ಕೆ ಬರುತ್ತದೆ. ಅದೇ ರೀತಿ ಜನವರಿ ೨೬ ನಮ್ಮ ಚಾಂದ್ರಮಾನದಲ್ಲಿ ಪ್ರತಿವರ್ಷ ಬೇರೊಂದು ತಿಥಿ. ಸಂವಿಧಾನದ ಪೂರ್ವಪೀಠಿಕೆಯ ಹಿಂದೀ ಪಾಠದಲ್ಲಿ ೧೯೪೯ರ ನವೆಂಬರ್ ೨೬ರ ಜೊತೆಗೆ ಮಾರ್ಗಶೀರ್ಷ ಶುಕ್ಲ ಸಪ್ತಮಿ, ವಿಕ್ರಮ ಸಂವತ್ ೨೦೦೬ ಎಂದೂ ನಮೂದಾಗಿದೆ. ೧೯೫೭ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಜನವರಿ ೨೬ ಎಂಬುದು ಮಾಘ ೬. ಒಂದು ಗಣನೆಯಲ್ಲಿ ‘ಅದೇ ದಿನ’ವಾದದ್ದು ಮತ್ತೊಂದರಲ್ಲಿ ಅದೇ ದಿನವಲ್ಲ. ಹಾಗಾದರೆ ಹೊಂದಾಣಿಕೆ ಇರುವುದು ಕಾಲದಲ್ಲಿಯೋ, ನಾವು ಕಾಲಕ್ಕೆ ಹಾಕಿದ ಗೆರೆಗಳಲ್ಲಿಯೋ ಎಂದು ಯೋಚಿಸಬೇಕಾಗುತ್ತದೆ.

ದಿನ ಮತ್ತು ಮನುಷ್ಯ

ಹನ್ನೆರಡನೆಯ ಶತಮಾನದ ಶಿವಶರಣರು ವಾರ, ತಿಥಿ, ನಕ್ಷತ್ರಗಳಲ್ಲಿ ಶುಭಾಶುಭಗಳನ್ನು ಎಣಿಸುವುದನ್ನು ಒಪ್ಪಲಿಲ್ಲವೆಂಬುದು ವಚನಗಳ ಓದುಗರಿಗೆ ವಿದಿತವೇ ಇದೆ. ಬಸವಣ್ಣನವರ ದೃಷ್ಟಿಯಲ್ಲಿ ದಿನಕ್ಕೆ ಬೆಲೆ ಬರುವುದು ಅಂದು ನಡೆಯುವ ಶಿವಭಕ್ತಿಯಿಂದ, ಸತ್ಕ್ರಿಯೆಯಿಂದ. ದಿನದಿಂದ ಕ್ರಿಯೆಗೆ ಬೆಲೆ ಬರುವುದಿಲ್ಲ. ಧರ್ಮದ ಆಚರಣೆಯ ಬಗೆಗೆ ಆಡಿದ ಆ ಮಾತನ್ನು ಚರಿತ್ರೆಯ ಅಧ್ಯಯನಕ್ಕೂ ಅನ್ವಯಿಸಿಕೊಳ್ಳಬಹುದು. ೧೯೩೦ಕ್ಕೆ ಮುಂಚೆ ಜನವರಿ ೨೬ ಈ ದೇಶದ ಮಟ್ಟಿಗೆ ಮಾಗಿಯ ಇತರ ದಿನಗಳಂತೆ ಒಂದು ದಿನ. ಅದಕ್ಕೆ ಬೆಲೆಯನ್ನು ತಂದವರು ಅಂದು ಕೈಯೆತ್ತಿ ಪ್ರತಿಜ್ಞೆ ಮಾಡಿದ ಸಾಮಾನ್ಯ ಜನರು, ಅದಕ್ಕಾಗಿ ಸೆರೆಮನೆ ಸೇರಿದವರು, ಆ ನೆನಪನ್ನು ಸಂವಿಧಾನಕ್ಕೆ ಜೋಡಿಸಿದವರು.

ಇದರಿಂದ ಇನ್ನೊಂದು ಮಾತೂ ಫಲಿಸುತ್ತದೆ. ದಿನ ತಾನಾಗಿಯೇ ಶ್ರೇಷ್ಠವಾಗಿದ್ದರೆ ನಾವು ಕೈಕಟ್ಟಿ ಕುಳಿತರೂ ಅದು ಶ್ರೇಷ್ಠವಾಗಿಯೇ ಉಳಿಯುತ್ತಿತ್ತು. ಮನುಷ್ಯರ ಕೃತಿಯಿಂದ ಶ್ರೇಷ್ಠವಾದ ದಿನಕ್ಕೆ ಆ ಭದ್ರತೆಯಿಲ್ಲ. ಪ್ರತಿಜ್ಞೆಯಲ್ಲಿ ಹೇಳಿದ್ದನ್ನು ಮರೆತು ಧ್ವಜಾರೋಹಣವನ್ನು ಮಾತ್ರ ಉಳಿಸಿಕೊಂಡರೆ, ಆ ದಿನವು ಮತ್ತೆ ಮಾಗಿಯ ಇತರ ದಿನಗಳಂತೆ ಆಗಿಬಿಡಬಹುದು. ಗಾಂಧೀಜಿಯವರು ಭಾಷಣ ಬೇಡ, ಕೆಲಸ ಮಾಡಿ ಎಂದದ್ದು ಇದಕ್ಕಾಗಿಯೇ ಇರಬೇಕು.

ಆದುದರಿಂದ ತರುಣ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ಒಂದೇ ದಿನಕ್ಕೆ ಸೇರಿದ ಘಟನೆಗಳನ್ನು ಕಂಡಾಗ ಮೊದಲು ದಿನಾಂಕ ಸರಿಯೇ ಎಂದು ಪರೀಕ್ಷಿಸಿರಿ; ಯಾವ ಗಣನೆಯದೆಂದು ವಿಚಾರಿಸಿರಿ. ಅನಂತರ, ಯಾರಾದರೂ ಆ ದಿನವನ್ನು ಬೇಕೆಂದೇ ಆರಿಸಿದರೇ ಎಂದು ಹುಡುಕಿರಿ. ಆರಿಸಿದ್ದರೆ ಅವರ ಉದ್ದೇಶವನ್ನು ತಿಳಿಯಿರಿ. ಅಲ್ಲಿ ನಿಜವಾದ ಚರಿತ್ರೆಯಿದೆ. ಯಾರೂ ಆರಿಸಿರದಿದ್ದರೆ ಅದನ್ನು ಆಕಸ್ಮಿಕವೆಂದು ಧೈರ್ಯವಾಗಿ ಒಪ್ಪಿಕೊಳ್ಳಿರಿ. ಹಾಗೆ ಒಪ್ಪಿದ ಮಾತ್ರಕ್ಕೆ ನಂದಗಡದ ಮಣ್ಣಿಗೆ ಸಲ್ಲಬೇಕಾದ ಗೌರವ ಕಡಿಮೆಯಾಗುವುದಿಲ್ಲ. ರಾಯಣ್ಣನನ್ನು ನೆನೆಯಲು ವರ್ಷಕ್ಕೆ ಒಂದೇ ದಿನ ಏಕೆ ಸಾಕಾಗಬೇಕು?